ಕಾಯಿಲೆಯ ಮನೆಯಲ್ಲಿ ಮಕ್ಕಳ ಗೆಲುವು

(ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಬಲಿಪೂಜೆಯಲ್ಲಿ ಗಿಲ್ಲೆಸುಗೂರು ಮತ್ತು ಸುತ್ತಲಿನ ಹಳ್ಳಿಗಳ ಭಕ್ತಾದಿಗಳಿಗೆ ನೀಡಿದ ಪ್ರಬೋಧನೆ)



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. 1858ರಲ್ಲಿ ಇದೇ ದಿನ ಫ್ರಾನ್ಸ್ ದೇಶದ ಲೂರ್ದು ಎಂಬ ಪುಟ್ಟ ಊರಿನಲ್ಲಿ ಸೌದೆ ಆರಿಸಲು ಹೋಗಿದ್ದ ಬರ್ನದೆತ್ ಎಂಬ ಬಾಲಕಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತರು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ಹಬ್ಬದ ದಿನವನ್ನು ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. 1993ರಿಂದ ಧರ್ಮಸಭೆಯು ಜಗತ್ತಿನಾದ್ಯಂತ ಇದನ್ನು ಆಚರಿಸುತ್ತಾ ಬಂದಿದೆ. ಅದಕ್ಕಾಗಿಯೇ ನಮ್ಮ ಕಾಯಿಲೆಯವರನ್ನು ಇಂದು ಟಂಟಂನಲ್ಲಿ, ಬೈಕಿನಲ್ಲಿ, ಕೆಲವರನ್ನು ಮಂಚದ ಸಮೇತ ಇಲ್ಲಿಗೆ ಕರೆತಂದಿದ್ದೀರಿ. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ಪವಿತ್ರ ತೈಲದ ಅಭ್ಯಂಗ ನಡೆಯಲಿದೆ.

ಆದರೆ ಇಂದಿನ ಶುಭಸಂದೇಶವನ್ನು ಕೇಳಿದಾಗ ನಿಮಗೆ ಒಂದು ಪ್ರಶ್ನೆ ಎದ್ದಿರಬೇಕು. ರೋಗಿಗಳ ದಿನಕ್ಕೆ ಧರ್ಮಸಭೆ ಆರಿಸಿಕೊಟ್ಟಿರುವ ಕಥೆ ಯಾವುದು? ಕುಷ್ಠರೋಗಿ ಶುದ್ಧನಾದ ಕಥೆಯಲ್ಲ. ಪಾರ್ಶ್ವವಾಯು ಪೀಡಿತ ಎದ್ದು ನಡೆದ ಕಥೆಯಲ್ಲ. ಕಾನಾ ಊರಿನ ಮದುವೆಯ ಕಥೆ! ಊಟ, ಉಪಚಾರ, ನಗು, ನೆಂಟರು ತುಂಬಿದ ಮನೆಯ ಕಥೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಮದುವೆಯ ಮಾತು ಆಡುವುದೇ? ನಮ್ಮ ಹಿರಿಯರಾಗಿದ್ದರೆ, "ಹೊತ್ತು ಗೊತ್ತು ಇಲ್ಲೇನು?" ಎಂದು ಗದರಿಬಿಡುತ್ತಿದ್ದರು.

ಈ ಪ್ರಶ್ನೆಯನ್ನೇ ಇಂದು ನಾವೆಲ್ಲರೂ ಧ್ಯಾನಿಸೋಣ. ಕಾಯಿಲೆ ಇರುವ ಮನೆಯಲ್ಲಿ ಹಬ್ಬಕ್ಕೆ ಜಾಗ ಇದೆಯೇ? ಹಾಸಿಗೆ ಹಿಡಿದವರ ಮುಂದೆ ಮಕ್ಕಳು ಗೆದ್ದು ಬಂದರೆ ನಾವು ಚಪ್ಪಾಳೆ ತಟ್ಟಬಹುದೇ?

ನಾವು ಕಲಿತ ಒಂದು ಪಾಠ

ನಮ್ಮದೇ ಹಳ್ಳಿಗಳಲ್ಲೊಂದರ ಸಂಗತಿಯನ್ನು ಹೇಳುತ್ತೇವೆ. ಊರು, ಹೆಸರು ಬೇಡ. ಆ ಮನೆಯ ತಾಯಿಗೆ ಎದೆಯ ಕ್ಯಾನ್ಸರ್. ಗಂಡ ಬೇರೆಯವರ ಹೊಲದಲ್ಲಿ ಕೂಲಿ. ಅಜ್ಜಿ, ಮೂವರು ಮಕ್ಕಳು. ಮೂರು ವಾರಕ್ಕೊಮ್ಮೆ ರಾಯಚೂರಿಗೆ ಬಸ್ಸು, ಅಲ್ಲಿಂದ ರಾತ್ರಿ ರೈಲು, 400 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರು. ಮತ್ತೆ ಅದೇ ರೈಲಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ವಾಪಸು. ಈ ದಾರಿಯನ್ನು ಬಲ್ಲವರು ಇಲ್ಲಿ ಹಲವರಿದ್ದೀರಿ.

ಆ ಮನೆಯ ಹಿರಿಯ ಮಗಳು ಆರನೇ ತರಗತಿ. ಆ ವರ್ಷ ಪ್ರತಿಭಾ ಕಾರಂಜಿಯಲ್ಲಿ ಜೇಡಿಮಣ್ಣಿನ ಮಾದರಿ ಮಾಡುವ ಸ್ಪರ್ಧೆಗೆ ಸೇರಿದಳು. ನಮ್ಮ ಎರೆಭೂಮಿಯ ಮಕ್ಕಳಿಗೆ ಮಣ್ಣಿನ ಎತ್ತು ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ಮಣ್ಣೆತ್ತಿನ ಅಮಾವಾಸ್ಯೆಯೇ ಅವರ ಗುರು. ಆಕೆಯೂ ಒಂದು ಎತ್ತು ಮಾಡಿದಳು. ಇಣಿ, ಕೊಂಬು, ಕೊರಳ ಗಂಟೆ, ಮಲಗಿದ ಎತ್ತು ಮೇಲೇಳುವಾಗ ಮಡಚುವ ಮುಂಗಾಲು, ಎಲ್ಲವೂ ಇತ್ತಂತೆ. ಕ್ಲಸ್ಟರ್ ಮಟ್ಟದಲ್ಲಿ ಮೊದಲ ಬಹುಮಾನ ಬಂತು. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದಳು.

ಹುಡುಗಿ ಮನೆಗೆ ಬಂದಳು. ಪ್ರಮಾಣಪತ್ರವನ್ನು ಮಡಚಿ ಜೋಳದ ಚೀಲದ ಹಿಂದೆ ತುರುಕಿಟ್ಟಳು. ಯಾರಿಗೂ ಹೇಳಲಿಲ್ಲ. ತಾಲ್ಲೂಕು ಸ್ಪರ್ಧೆಗೂ ಹೋಗಲಿಲ್ಲ.

ಈ ಕಾಲದಲ್ಲಿ ನಾವು ಎಲ್ಲಿದ್ದೆವು? ಆ ಮನೆಯಲ್ಲೇ ಇದ್ದೆವು! ಪ್ರತಿ ತಿಂಗಳ ಮೊದಲ ಶುಕ್ರವಾರ ಉಪದೇಶಿಗಳ ಜೊತೆ ಹೋಗಿ ಪರಮಪ್ರಸಾದ ಕೊಟ್ಟು, ಜಪಸರ ಮಾಡಿ, "ದೇವರ ಚಿತ್ತ" ಎಂದು ನಿಟ್ಟುಸಿರು ಬಿಟ್ಟು ಬರುತ್ತಿದ್ದೆವು. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಆ ಮಗುವನ್ನು "ಶಾಲೆಯಲ್ಲಿ ಏನು ನಡೆದಿದೆಯಮ್ಮಾ?" ಎಂದು ಒಂದು ದಿನವೂ ಕೇಳಲಿಲ್ಲ. ಕ್ರಿಸ್‌ಮಸ್ ನಾಟಕಕ್ಕೆ ಮಕ್ಕಳನ್ನು ಆರಿಸುವಾಗಲೂ ನಮ್ಮ ಸಮಿತಿ ಆಕೆಯ ಹೆಸರನ್ನು ಕೈಬಿಟ್ಟಿತ್ತು. "ಪಾಪ, ಮನೆಯಲ್ಲಿ ಕಷ್ಟ ಇದೆ, ಕುಣಿಯೋಕೆ ಎಲ್ಲಿಂದ ಬರುತ್ತಾಳೆ" ಎಂದೆವು. ಕರುಣೆಯೆಂದು ಭಾವಿಸಿ ಮಾಡಿದೆವು. ಅದು ಕರುಣೆಯಾಗಿರಲಿಲ್ಲ.

ಕೊನೆಗೆ ಜೋಳ ಹಸನು ಮಾಡಲು ಚೀಲ ಸರಿಸಿದ ಅಜ್ಜಿಗೆ ಆ ಕಾಗದ ಸಿಕ್ಕಿತು. ಓದು ಬಾರದ ಅಜ್ಜಿ ಅದನ್ನು ಆಸ್ಪತ್ರೆಯ ಚೀಟಿಯೆಂದು ತಿಳಿದು ಸೊಸೆಯ ಕೈಗೆ ಕೊಟ್ಟಳು. ಮುಂದಿನ ಶುಕ್ರವಾರ ನಾವು ಹೋದಾಗ ಆ ತಾಯಿ ಎದ್ದು ಗೋಡೆಗೆ ಒರಗಿ ಕುಳಿತಿದ್ದರು. ಪ್ರಮಾಣಪತ್ರ ಮಡಿಲಲ್ಲಿತ್ತು. ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಸ್ವಾಮ್ಯಾರ, ನಾನು ಇನ್ನಾ ಸತ್ತಿಲ್ಲರಿ. ಇವರೆಲ್ಲಾ ನಾ ಸತ್ತಂಗ ಮಾಡ್ಯಾರ. ನನ್ನ ಮುಂದ ಯಾರೂ ನಗಂಗಿಲ್ಲ. ನನ್ನ ಮಗಳು ಗೆದ್ದಿದ್ದು ನನಗೇ ಗೊತ್ತಿಲ್ಲಂದ್ರ, ನಾ ಯಾಕ ಬದುಕಿರಬೇಕ್ರಿ?"

ಪ್ರಿಯರೇ, ಸೆಮಿನರಿಯಲ್ಲಿ ವರ್ಷಾನುಗಟ್ಟಲೆ ದೈವಶಾಸ್ತ್ರ ಓದಿದ ನಮಗೆ ಕಾನಾ ಮದುವೆಯ ಅರ್ಥವನ್ನು ಹೇಳಿಕೊಟ್ಟವರು ಆ ತಾಯಿ.

ಮರಿಯಮ್ಮನವರ ಕಣ್ಣು

ಕಾನಾದಲ್ಲಿ ಏನು ನಡೆಯಿತು? ದ್ರಾಕ್ಷಾರಸ ಮುಗಿದುಹೋಯಿತು. ಯಾರೂ ಸಾಯುತ್ತಿರಲಿಲ್ಲ, ಯಾರೂ ಹಸಿದಿರಲಿಲ್ಲ. ಒಂದು ಕುಟುಂಬದ ಸಂತೋಷ ಮಾತ್ರ ಬತ್ತಿಹೋಗುವುದರಲ್ಲಿತ್ತು. ಅದನ್ನು ಮೊದಲು ಕಂಡವರು ಮರಿಯಮ್ಮನವರು. ಯಾರೂ ಬಂದು ಅವರಲ್ಲಿ ದೂರು ಹೇಳಿದಂತೆ ಸಂತ ಯೊವಾನ್ನರು ಬರೆದಿಲ್ಲ. ತಾಯಿಯ ಕಣ್ಣು ತಾನಾಗಿಯೇ ಕಂಡಿತು. ಮಗನ ಬಳಿ ಹೋಗಿ ಅಲ್ಲಿ ಇಲ್ಲವಾಗಿರುವುದನ್ನು ಹೇಳಿದರು, ಅಷ್ಟೇ.

ಪ್ರಭು ಯೇಸು ಮಾಡಿದ ಸೂಚಕಕಾರ್ಯಗಳಲ್ಲಿ ಇದೇ ಮೊದಲನೆಯದು ಎಂದು ಸಂತ ಯೊವಾನ್ನರು ಸ್ಪಷ್ಟವಾಗಿ ಹೇಳುತ್ತಾರೆ. ಕುರುಡರಿಗೆ ಕಣ್ಣು ಕೊಟ್ಟದ್ದು, ಲಾಜರನನ್ನು ಎಬ್ಬಿಸಿದ್ದು ಎಲ್ಲ ಆಮೇಲೆ. ಮೊಟ್ಟಮೊದಲು ಪ್ರಭು ಮಾಡಿದ ಕೆಲಸ ಒಂದು ಮನೆಯ ಸಂತೋಷವನ್ನು ಉಳಿಸಿದ್ದು. ಅದೂ ಎಷ್ಟು ಧಾರಾಳವಾಗಿ! ಆರು ಕಲ್ಲಿನ ಬಾನೆಗಳು, ಕಂಠದವರೆಗೆ ತುಂಬಿದ್ದು. ಸಂತೋಷ ಎನ್ನುವುದು ಎಲ್ಲ ಕಷ್ಟ ತೀರಿದ ಮೇಲೆ, ಮಿಕ್ಕಿದ್ದರೆ ಬಡಿಸುವ ಪದಾರ್ಥವಲ್ಲ. ದೇವರ ದೃಷ್ಟಿಯಲ್ಲಿ ಅದು ಮೊದಲ ಪಂಕ್ತಿಯಲ್ಲೇ ಬಡಿಸಬೇಕಾದದ್ದು.

ಇಂದಿನ ಮೊದಲ ವಾಚನದಲ್ಲಿ ಪ್ರವಾದಿ ಯೆಶಾಯನೂ ಇದನ್ನೇ ಹೇಳುತ್ತಾನೆ. ತಾಯಿ ಮಗುವನ್ನು ಸಂತೈಸುವ ಹಾಗೆ ದೇವರು ನಮ್ಮನ್ನು ಸಂತೈಸುತ್ತಾರೆ. ತಾಯಿ ಹೇಗೆ ಸಂತೈಸುತ್ತಾಳೆ? ಮಗು ಬಿದ್ದು ಮಂಡಿ ಕೆತ್ತಿಕೊಂಡರೆ ಗಾಯಕ್ಕೆ ಅರಿಶಿನ ಹಚ್ಚುತ್ತಾಳೆ, ಜೊತೆಗೆ ಕಂಕುಳಿಗೆ ಎತ್ತಿಕೊಂಡು ಕಾಗೆ ಗುಬ್ಬಿ ತೋರಿಸುತ್ತಾಳೆ. ಔಷಧವೂ ಬೇಕು, ಕಾಗೆ ಗುಬ್ಬಿಯೂ ಬೇಕು.

ಸಾಯುವ ಮೂರು ವಾರಗಳ ಮೊದಲು ಒಂದು ಬಹುಮಾನ ವಿತರಣೆ

ಇದನ್ನು ಬದುಕಿ ತೋರಿಸಿದ ಒಬ್ಬ ತಾಯಿ ಇದ್ದಾರೆ. ಅವರೂ ಲೂರ್ದಿಗೆ ಹೋಗಿದ್ದವರು. ಹೆಸರು ಜೇಲಿ ಮಾರ್ಟಿನ್. ನಮಗೆಲ್ಲ ಪ್ರಿಯರಾದ ಬಾಲಯೇಸುವಿನ ಸಂತ ತೆರೇಸಾರವರ ತಾಯಿ.

ಜೇಲಿ ಮತ್ತು ಲೂಯಿ ಮಾರ್ಟಿನ್ ಅವರ ಮದುವೆ ನಡೆದದ್ದು 1858ರ ಜುಲೈ 13ರಂದು. ಲೂರ್ದಿನಲ್ಲಿ ಮಾತೆ ಕೊನೆಯ ಬಾರಿ ದರ್ಶನ ಕೊಟ್ಟದ್ದು ಅದಾದ ಮೂರೇ ದಿನಕ್ಕೆ, ಜುಲೈ 16ರಂದು. ಲೂಯಿ ಗಡಿಯಾರ ರಿಪೇರಿ ಮಾಡುವವರು. ಜೇಲಿ ಅಲಾನ್ಸೋನ್ ಊರಿನ ಹೆಸರಾಂತ ಲೇಸ್ ಹೆಣೆಯುವವರು, ಹತ್ತಾರು ಹೆಂಗಸರಿಗೆ ಕೆಲಸ ಕೊಟ್ಟವರು. ಒಂಬತ್ತು ಮಕ್ಕಳನ್ನು ಹೆತ್ತರು, ನಾಲ್ವರನ್ನು ಮಣ್ಣು ಮಾಡಿದರು. ಉಳಿದವರು ಐವರು ಹೆಣ್ಣುಮಕ್ಕಳು. 1876ರ ಡಿಸೆಂಬರಿನಲ್ಲಿ ವೈದ್ಯರು ಅವರ ಎದೆಯ ಗಡ್ಡೆಯನ್ನು ನೋಡಿ, ಶಸ್ತ್ರಚಿಕಿತ್ಸೆಗೆ ಕಾಲ ಮೀರಿದೆ ಎಂಬುದನ್ನು ತಿಳಿಸಿದರು. ಆಗ ಕೊನೆಯ ಮಗಳು ತೆರೇಸಾಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.

1877ರ ಜೂನ್ ತಿಂಗಳಲ್ಲಿ ಜೇಲಿ ಹಿರಿಯ ಮೂವರು ಮಕ್ಕಳನ್ನು ಕರೆದುಕೊಂಡು ಲೂರ್ದಿಗೆ ಹೋದರು. ನಮ್ಮವರ ಬೆಂಗಳೂರು ರೈಲಿನ ಪ್ರಯಾಣದಂತೆಯೇ ಅದೂ ಬಳಲಿಕೆಯ ಪ್ರಯಾಣ. ಆ ತಣ್ಣೀರಿನ ಕೊಳದಲ್ಲಿ ನಾಲ್ಕು ಬಾರಿ ಮುಳುಗಿದರು. ಗುಣವಾಗಲಿಲ್ಲ. ಇದನ್ನು ಮರೆಮಾಚದೆ ಹೇಳಬೇಕು ಪ್ರಿಯರೇ. ಈಗ ಧರ್ಮಸಭೆ ಸಂತರೆಂದು ಸಾರಿರುವ ಒಬ್ಬ ತಾಯಿ, ಇಷ್ಟು ವಿಶ್ವಾಸದಿಂದ ಹೋಗಿ, ಕಾಯಿಲೆಯನ್ನು ಹೊತ್ತುಕೊಂಡೇ ಮನೆಗೆ ಮರಳಿದರು. ದರ್ಶನ ಕಂಡ ಬರ್ನದೆತ್ ಕೂಡ ಬಾಲ್ಯದಿಂದ ಉಬ್ಬಸದಿಂದ ನರಳಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಆದ್ದರಿಂದ, ಕಾಯಿಲೆ ವಾಸಿಯಾಗದಿದ್ದರೆ "ನಿಮ್ಮ ವಿಶ್ವಾಸ ಸಾಲದು" ಎಂದು ಯಾರಾದರೂ ನಿಮಗೆ ಹೇಳಿದರೆ ಅವರ ಮಾತನ್ನು ನಂಬಬೇಡಿ.

ಲೂರ್ದಿನಿಂದ ಬಂದ ಮೇಲೆ ಆ ಮನೆಯಲ್ಲಿ ಏನಾಯಿತು? ಹಿರಿಯ ಮಗಳು ಮರೀಗೆ 17 ವರ್ಷ, ಆಕೆಯ ಶಾಲೆ ಮುಗಿದಿತ್ತು. ತಂಗಿಯರಾದ ಸೆಲಿನ್ ಮತ್ತು ತೆರೇಸಾಗೆ ಮನೆಯಲ್ಲೇ ಪಾಠ ಹೇಳಿಕೊಡುತ್ತಿದ್ದಳು. ಆಗಸ್ಟ್ ತಿಂಗಳ ಆರಂಭದಲ್ಲಿ, ಪಾಠಕ್ಕೆ ರಜೆ ಕೊಡುವ ಮೊದಲು, ಆಕೆ ತನ್ನ ಕೋಣೆಯಲ್ಲೇ ಬಹುಮಾನ ವಿತರಣಾ ಸಮಾರಂಭ ಏರ್ಪಡಿಸಿದಳು. ಹಸಿರು ಬಳ್ಳಿಗಳಿಗೆ ಗುಲಾಬಿ ಕಟ್ಟಿ ತೋರಣ ಮಾಡಿದಳು. ಹೂವಿನ ಕಿರೀಟಗಳನ್ನು ತೂಗುಹಾಕಿದಳು. ನೆಲಕ್ಕೆ ಜಮಖಾನ ಹಾಸಿದಳು. ಅಧ್ಯಕ್ಷರಿಗಾಗಿ ಎರಡು ಕುರ್ಚಿ ಇಟ್ಟಳು. ವಿದ್ಯಾರ್ಥಿಗಳು ಇಬ್ಬರೇ: ಎಂಟು ವರ್ಷದ ಸೆಲಿನ್, ನಾಲ್ಕೂವರೆ ವರ್ಷದ ತೆರೇಸಾ. ಇಬ್ಬರಿಗೂ ಬಿಳಿ ಉಡುಪು. ಅಧ್ಯಕ್ಷತೆ ತಂದೆ ತಾಯಿಯದು.

ಹೌದು, ತಾಯಿಯೂ ಬಂದಿದ್ದರು. ಕೊರಳು ತಿರುಗಿಸಲೂ ಆಗದಷ್ಟು ನೋವಿನಲ್ಲಿದ್ದ ಜೇಲಿ ತಾವೇ ಬಯಸಿ ಬಂದು ಆ ಕುರ್ಚಿಯಲ್ಲಿ ಕುಳಿತರು. ಅಕ್ಕ ಹೆಸರು ಕೂಗಿದಾಗ ಪುಟಾಣಿಗಳು ವಿಜಯದ ಮುಖ ಹೊತ್ತು ಮುಂದೆ ಬಂದು, ಅಪ್ಪ ಅಮ್ಮನ ಕೈಯಿಂದ ಬಹುಮಾನ, ಕಿರೀಟ ಪಡೆದರು. ಮರೀ ಇದನ್ನೆಲ್ಲ ತನ್ನ ಅತ್ತೆಗೆ ಬರೆದ ಪತ್ರದಲ್ಲಿ ವಿವರಿಸಿದ್ದಾಳೆ. ಆ ಪತ್ರದ ತಾರೀಖು 1877ರ ಆಗಸ್ಟ್ 9. ಅದೇ ತಿಂಗಳ 28ರಂದು ಜೇಲಿ ಪ್ರಭುವಿನಲ್ಲಿ ನಿದ್ರಿಸಿದರು.

ಯೋಚಿಸಿ ನೋಡಿ. ಆ ಮನೆಯವರಿಗೆ ಸಾವು ಬಾಗಿಲಲ್ಲಿ ನಿಂತಿರುವುದು ತಿಳಿದಿರಲಿಲ್ಲವೇ? ತಿಳಿದಿತ್ತು. ಆದರೂ ತೋರಣ ಕಟ್ಟಿದರು. ಆ ತೋರಣ ಸಾವನ್ನು ಮರೆಮಾಚಲು ಕಟ್ಟಿದ್ದಲ್ಲ. ಒಂದು ಮಗು ಅಕ್ಷರ ಕಲಿತಿದೆ, ಅದು ತಾಯಿಯ ಕಣ್ಣ ಮುಂದೆ ನಡೆದಿದೆ, ಇದೂ ನಿಜ ಎಂದು ಹೇಳಲು ಕಟ್ಟಿದ್ದು. ಗಡ್ಡೆಯೂ ನಿಜ, ಕಿರೀಟವೂ ನಿಜ. ಒಂದು ನಿಜಕ್ಕೆ ಇನ್ನೊಂದನ್ನು ಬಲಿಕೊಡಬೇಕಾಗಿಲ್ಲ.

ಆ ಮನೆಯಲ್ಲಿ ಮೂರನೆಯ ಮಗಳು ಲಿಯೋನಿ ಎಂಬಾಕೆ ಇದ್ದಳು. ಓದಿನಲ್ಲಿ ಹಿಂದೆ, ಹಠ ಹೆಚ್ಚು. ಶಾಲೆಯಿಂದ ಹೊರಗೆ ಕಳುಹಿಸಲಾಗಿದ್ದ ಹುಡುಗಿ. ಆ ಕೊನೆಯ ತಿಂಗಳುಗಳಲ್ಲಿ ಲಿಯೋನಿ ಹಠ ಬಿಟ್ಟು ತಾಯಿಯ ಮಗ್ಗುಲಲ್ಲಿ ಕೂರತೊಡಗಿದಳು. ಜೇಲಿ ತಮ್ಮ ಪತ್ರಗಳಲ್ಲಿ ಆ ಬದಲಾವಣೆಯನ್ನು ಎಷ್ಟು ಸಂತೋಷದಿಂದ ಬರೆದುಕೊಂಡಿದ್ದಾರೆ! ಪ್ರಮಾಣಪತ್ರ ಸಿಗದ ಗೆಲುವು ಅದು. ತಾಯಿಯ ಲೆಕ್ಕದಲ್ಲಿ ಅದಕ್ಕೂ ಮೊದಲ ಬಹುಮಾನ. ನಿಮ್ಮ ಮನೆಯ ಲಿಯೋನಿ ಯಾರು ಎಂದು ಕೇಳಿಕೊಳ್ಳಿ. ಆ ಮಗು ನಿನ್ನೆ ಜಗಳವಾಡದೆ ನೀರು ತುಂಬಿಕೊಂಡು ಬಂದಿದ್ದರೆ, ಅದನ್ನು ಯಾರಾದರೂ ಗಮನಿಸಿದ್ದೀರಾ?

2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಜೇಲಿ ದಂಪತಿಯನ್ನು ಒಟ್ಟಿಗೇ ಸಂತರ ಪದವಿಗೆ ಏರಿಸಿದರು. ಅಂದು ನಾಲ್ಕೂವರೆ ವರ್ಷದವಳಾಗಿ ಕಿರೀಟ ತೊಟ್ಟ ಮಗು ಮುಂದೆ ಧರ್ಮಸಭೆಯ ಪಂಡಿತೆಯಾದಳು. ಚಿಕ್ಕ ಚಿಕ್ಕ ಕೆಲಸಗಳನ್ನು ದೊಡ್ಡ ಪ್ರೀತಿಯಿಂದ ಮಾಡುವ ಪುಟ್ಟ ಮಾರ್ಗವನ್ನು ಜಗತ್ತಿಗೆ ಕಲಿಸಿದಳು. ಚಿಕ್ಕದ್ದನ್ನು ಚಿಕ್ಕದೆಂದು ತಳ್ಳಿಹಾಕದ ಮನೆಯಲ್ಲಿ ಬೆಳೆದವಳಲ್ಲವೇ!

ಮಗುವಿನ ಮನಸ್ಸಿನಲ್ಲಿ

ಈಗ ನಮ್ಮ ಮನೆಗಳಿಗೆ ಬರೋಣ. ಮನೆಯಲ್ಲಿ ದೊಡ್ಡ ಕಾಯಿಲೆ ಬಂದಾಗ ಮಕ್ಕಳು ಬಾಯಿ ಬಿಟ್ಟು ಹೇಳದ ಕೆಲವು ಮಾತುಗಳಿವೆ.

ಒಂದು: "ನನ್ನಿಂದಲೇ ಹೀಗಾಯಿತು." ಚಿಕ್ಕ ಮಕ್ಕಳು ಹೀಗೆ ನಂಬುತ್ತಾರೆ. ನಾನು ಮಾತು ಕೇಳಲಿಲ್ಲ, ಅದಕ್ಕೇ ಅವ್ವ ಮಲಗಿದಳು ಎಂದು. ಯಾರೂ ಏನೂ ಹೇಳದಿದ್ದಾಗ ಮಗು ತನ್ನದೇ ಕಾರಣ ಹುಡುಕಿಕೊಳ್ಳುತ್ತದೆ. ಆದ್ದರಿಂದ ಅದರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಕಾಯಿಲೆಯ ಹೆಸರು ಹೇಳಿ. "ಇದು ನಿನ್ನಿಂದ ಬಂದದ್ದಲ್ಲ" ಎಂದು ಬಾಯಿ ಬಿಟ್ಟು ಹೇಳಿ.

ಎರಡು: "ನಾನು ನಕ್ಕರೆ ತಪ್ಪಾಗುತ್ತದೆ." ಜೋಳದ ಚೀಲದ ಹಿಂದೆ ಬಹುಮಾನ ಅಡಗಿಸಿದ ಮಗುವಿನ ಮನಸ್ಸು ಇದು. ಆಕೆಗೆ ಯಾರೂ ನಗಬೇಡ ಎಂದು ಹೇಳಿರಲಿಲ್ಲ. ದೊಡ್ಡವರ ಮುಖ ನೋಡಿ ತಾನೇ ಕಲಿತಿದ್ದಳು.

ಮೂರು: "ನಾನು ಗೆದ್ದರೆ ಅವ್ವ ಗುಣವಾಗುತ್ತಾಳೆ." ಇದು ಬಹಳ ಅಪಾಯದ ಮಾತು. ಕೆಲವು ಸಲ ನಾವೇ ಪ್ರೀತಿಯಿಂದ ಈ ಮಾತು ಹೇಳಿಬಿಡುತ್ತೇವೆ: "ನೀನು ಮೊದಲನೇ ನಂಬರ್ ಬಾ, ನಿಮ್ಮಪ್ಪ ಎದ್ದು ಕೂರ್ತಾನೆ." ಹಾಗೆ ಹೇಳಬೇಡಿ. ಮಗು ಅದನ್ನು ನಂಬುತ್ತದೆ. ನಾಳೆ ಅಪ್ಪ ಏಳದಿದ್ದರೆ, ತನ್ನ ಅಂಕ ಕಡಿಮೆಯಾದ್ದಕ್ಕೇ ಅಪ್ಪ ಹೋದ ಎಂಬ ಭಾರವನ್ನು ಜನ್ಮಪೂರ್ತಿ ಹೊರುತ್ತದೆ. ಮಗುವಿನ ಗೆಲುವು ಔಷಧವಲ್ಲ. ಅದು ಸಂತೋಷ, ಅಷ್ಟೇ. ಅಷ್ಟಾದರೆ ಸಾಕು.

ಕಾಯಿಲೆ ಬಿದ್ದಿರುವುದು ಮನೆಯ ಒಂದು ಮಗುವೇ ಆಗಿದ್ದರೆ? ಆಗ ಎಲ್ಲರ ಕಣ್ಣು ಆ ಮಗುವಿನ ಮೇಲೆ. ಇನ್ನಿಬ್ಬರು ಮಕ್ಕಳು ಮನೆಯಲ್ಲಿದ್ದೂ ಇಲ್ಲದಂತಾಗುತ್ತಾರೆ. ಸಂತ ಮಾರ್ಕನ ಶುಭಸಂದೇಶದಲ್ಲಿ ಪ್ರಭು ಯಾಯಿರನ ಮಗಳನ್ನು ಎಬ್ಬಿಸಲು ಹೊರಟಾಗ ದಾರಿಯಲ್ಲಿ ಒಬ್ಬ ಹೆಂಗಸು ಅವರ ಬಟ್ಟೆ ಮುಟ್ಟುತ್ತಾಳೆ. ಆಕೆ ಕಾಯಿಲೆಯಿಂದ ನರಳಿದ್ದು 12 ವರ್ಷ. ಆ ಹುಡುಗಿಯ ವಯಸ್ಸೂ 12 ವರ್ಷ. ಎಂಥಾ ಅವಸರವಿದ್ದರೂ ಪ್ರಭು ನಿಂತರು. ಒಬ್ಬರ ಸಂಕಟಕ್ಕಾಗಿ ಇನ್ನೊಬ್ಬರನ್ನು ದಾಟಿ ಹೋಗಲಿಲ್ಲ. ಆಮೇಲೆ ಆ ಹುಡುಗಿ ಎದ್ದು ನಡೆದಾಡಿದಾಗ ಅವರು ಹೇಳಿದ್ದೇನು? ಆಕೆಗೆ ತಿನ್ನಲು ಏನಾದರೂ ಕೊಡಿ ಎಂದರು. ಎಲ್ಲರೂ ಬೆರಗಾಗಿ ನಿಂತಿದ್ದಾಗ ಮಗುವಿನ ಹಸಿವು ನೆನಪಾದದ್ದು ಪ್ರಭುವಿಗೆ ಮಾತ್ರ.

ಹಾಗೆಯೇ ಕಾಯಿಲೆ ಬಿದ್ದ ಮಗುವಿಗೂ ಅದರದೇ ಗೆಲುವುಗಳಿವೆ. ಇಂದು ಅರ್ಧ ರೊಟ್ಟಿ ಹೆಚ್ಚು ತಿಂದಿತು. ಸೂಜಿ ಚುಚ್ಚಿದಾಗ ಅಳಲಿಲ್ಲ. ಅತ್ತರೂ ಕೈ ಚಾಚಿತು. ಗೋಡೆ ಹಿಡಿದು ಹೊಸ್ತಿಲವರೆಗೆ ನಡೆಯಿತು. ಇವು ಜಿಲ್ಲಾ ಮಟ್ಟದ ಗೆಲುವಿಗಿಂತ ಕಡಿಮೆಯಲ್ಲ.

ನಾವು ಮಾಡಬೇಕಾದದ್ದು

ಬರೀ ಮಾತಿಗೆ ನಿಲ್ಲದೆ, ಕೈಗೆಟುಕುವ ಕೆಲವು ಕೆಲಸಗಳನ್ನು ಹೇಳುತ್ತೇವೆ.

ಮೊದಲನೆಯದು, ಕಾಯಿಲೆಯ ಮನೆಯ ಮಗುವನ್ನು ಶಾಲೆ ಬಿಡಿಸಬೇಡಿ. ಈಗ ಮೆಣಸಿನಕಾಯಿ ಬಿಡಿಸುವ ಕಾಲ. ದುಡಿಯುವ ಕೈಯೊಂದು ಹಾಸಿಗೆ ಹಿಡಿದರೆ ಮಗುವಿನ ಕೈ ಹೊಲಕ್ಕೆ ಹೋಗುತ್ತದೆ, ಅಥವಾ ಹಿರಿಯ ಮಗಳು ಒಲೆಯ ಮುಂದೆ ಕೂರುತ್ತಾಳೆ. ಸಾಲ ಹೆಚ್ಚಾದರೆ ಇಡೀ ಮನೆ ಗುಳೆ ಹೋಗುತ್ತದೆ. "ಎಷ್ಟು ಜವಾಬ್ದಾರಿ ಹುಡುಗಿ" ಎಂದು ನಾವು ಹೊಗಳುತ್ತೇವೆ. ಆ ಹೊಗಳಿಕೆಯಲ್ಲಿ ಆಕೆಯ ಬಾಲ್ಯ ಮುಗಿದುಹೋಗುತ್ತದೆ. ಶಾಲೆಯಲ್ಲಿ ಬಿಸಿಯೂಟ, ಮೊಟ್ಟೆ, ಗೆಳತಿಯರು, ಆಟ ಎಲ್ಲವೂ ಇದೆ. ಮನೆಯ ಸಂಕಟದಿಂದ ಮಗುವಿಗೆ ದಿನಕ್ಕೆ ಆರು ತಾಸು ಬಿಡುವು ಸಿಗುವ ಜಾಗ ಅದೊಂದೇ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂದು 2009ರ ಕಾಯ್ದೆಯೇ ಹೇಳುತ್ತದೆ. ರೊಟ್ಟಿ ಬಡಿದುಕೊಡಲು ಓಣಿಯ ಹೆಂಗಸರಿದ್ದಾರೆ. ಸರದಿ ಹಾಕಿಕೊಳ್ಳಿ.

ಎರಡನೆಯದು, ಹೆದರಿ ದೂರ ನಿಲ್ಲಬೇಡಿ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಆ ಮನೆಯ ಮಕ್ಕಳ ಜೊತೆ ನಿಮ್ಮ ಮಕ್ಕಳು ಆಡಲಿ. ಕ್ಷಯ ಗಾಳಿಯಿಂದ ಹರಡುವ ಕಾಯಿಲೆ ನಿಜ. ಆದರೆ ಔಷಧವನ್ನು ಸರಿಯಾಗಿ ನುಂಗಲು ಆರಂಭಿಸಿದ ಕೆಲವು ವಾರಗಳಲ್ಲಿ ಹರಡುವುದು ಬಹಳ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಔಷಧ, ನಡುವೆ ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮನೆಯವರಿಗೆ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ, ತಪಾಸಣೆ ಮಾಡಿಸಿ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕಾಗಿ ಕೊಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಲಾಗಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ, ಬ್ಯಾಂಕ್ ಖಾತೆ ಕೊಡಿ.

ಮೂರನೆಯದು, ತಂದೆ ತಾಯಿ ಹೋಗಲಾಗದ ಕಡೆ ನಾವು ಹೋಗೋಣ. ಶಾಲೆಯ ವಾರ್ಷಿಕೋತ್ಸವ, ಪಾಲಕರ ಸಭೆ, ಆಟದ ಸ್ಪರ್ಧೆ. ವೇದಿಕೆಯ ಮೇಲೆ ನಿಂತ ಮಗು ಜನರ ನಡುವೆ ತನ್ನವರ ಮುಖವನ್ನು ಹುಡುಕುತ್ತದೆ. ಅಲ್ಲಿ ಒಬ್ಬ ಚಿಕ್ಕಪ್ಪ, ಒಬ್ಬ ಮೇಷ್ಟ್ರು, ಒಬ್ಬ ಸಿಸ್ಟರ್, ಓಣಿಯ ಒಬ್ಬ ದೊಡ್ಡಮ್ಮ ಇದ್ದರೆ ಸಾಕು. ನೋಡಿದ್ದನ್ನು ಬಂದು ಹಾಸಿಗೆಯಲ್ಲಿರುವವರಿಗೆ ಕಥೆ ಮಾಡಿ ಹೇಳಿ. ಮೊಬೈಲಿನಲ್ಲಿ ತೆಗೆದು ತೋರಿಸಿ.

ನಾಲ್ಕನೆಯದು, ರೋಗಿಗಳೇ, ಇದು ನಿಮಗಾಗಿ. ನೀವು ಮನೆಗೆ ಭಾರವೆಂದು ಭಾವಿಸಬೇಡಿ. ಮಗು ಶಾಲೆಯಿಂದ ಬಂದಾಗ ನಿಮಗೆ ಎದ್ದು ರೊಟ್ಟಿ ಬಡಿಯಲು ಆಗದಿರಬಹುದು. "ಇವತ್ತು ಏನಾಯ್ತು ಹೇಳು" ಎಂದು ಕೇಳಲು ಆಗುತ್ತದೆ. ಅದೂ ಆಗದ ದಿನ ಕಣ್ಣಲ್ಲೇ ಕೇಳಿ. ಕಾನಾದಲ್ಲಿ ಮರಿಯಮ್ಮನವರು ಅಡುಗೆ ಮಾಡಲಿಲ್ಲ, ನೀರು ಹೊರಲಿಲ್ಲ. ಅವರು ಗಮನಿಸಿದರು. ಆ ಕೆಲಸ ಹಾಸಿಗೆಯಿಂದಲೂ ಮಾಡಬಹುದು. ನೋವು ತಡೆಯಲಾಗದ ದಿನ "ಇವತ್ತು ಬೇಡ ಕಂದಾ, ನಾಳೆ ತೋರಿಸು" ಎಂದರೂ ತಪ್ಪಿಲ್ಲ. ಮಗು ಕಾಯುತ್ತದೆ. ಅತ್ತರೂ ತಪ್ಪಿಲ್ಲ. ನಗು ಕಡ್ಡಾಯವೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಬಾಗಿಲು ಹಾಕಬೇಡಿ ಎಂದಷ್ಟೇ ಹೇಳುತ್ತಿದ್ದೇವೆ.

ಉಳಿಯುವುದು ಏನು?

ಸಂತ ತೆರೇಸಾರವರು ತಮ್ಮ ಆತ್ಮಕಥೆಯಲ್ಲಿ ತಾಯಿಯ ಕೊನೆಯ ದಿನಗಳ ಒಂದು ಚಿಕ್ಕ ನೆನಪನ್ನು ಬರೆದಿಟ್ಟಿದ್ದಾರೆ. ಯಾರೋ ಆ ಮಗುವಿಗೆ ಒಂದು ಒಳ್ಳೆಯ ಹಣ್ಣು ಕೊಟ್ಟರು. ಅಕ್ಕ ಸೆಲಿನ್ ಬಾಗಿ, ಇದನ್ನು ತಿನ್ನುವುದು ಬೇಡ, ಅಮ್ಮನಿಗೆ ಕೊಡೋಣ ಎಂದಳು. ಅಮ್ಮನಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಅಮ್ಮ ಆ ಹಣ್ಣು ತಿನ್ನಲಿಲ್ಲ, ಆದರೆ ಇಬ್ಬರು ಮಕ್ಕಳು ಕೈಯಲ್ಲಿ ಹಣ್ಣು ಹಿಡಿದು ಬಂದ ಆ ಗಳಿಗೆ ಮಾತ್ರ ಉಳಿಯಿತು.

ನಮ್ಮ ಹಳ್ಳಿಯ ಆ ತಾಯಿಯ ಮಾತು ಕೇಳಿದ ಮೇಲಿನ ಭಾನುವಾರ, ಬಲಿಪೂಜೆಯ ನಂತರ ನಾವು ಕೆಲವರು ಅವರ ಮನೆಗೆ ಹೋದೆವು. ಅಂಗಳದಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿಸಿದೆವು. ಶಾಲೆಯ ಗುರುಗಳೊಬ್ಬರು ಬಂದು ಪ್ರಮಾಣಪತ್ರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಅದನ್ನು ಮಗಳ ಕೈಗೆ ಕೊಟ್ಟವರು ತಾಯಿ. ಮಡಿಕೆ ಬಿದ್ದಿದ್ದ ಕಾಗದವನ್ನು ಅಜ್ಜಿ ಸೆರಗಿನಿಂದ ಒರೆಸಿ, ಶಿಲುಬೆಯ ಪಕ್ಕದ ಮೊಳೆಗೆ ಸಿಕ್ಕಿಸಿದಳು. ತಾಲ್ಲೂಕು ಸ್ಪರ್ಧೆ ಮುಗಿದುಹೋಗಿತ್ತು, ಅದನ್ನು ನಾವು ಮರಳಿ ತರಲಾಗಲಿಲ್ಲ. ಆದರೆ ಹುಡುಗಿ ಹೊಸ ಮಣ್ಣು ಕಲಸಿ ಇನ್ನೊಂದು ಎತ್ತು ಮಾಡಿದಳು. ಅದು ತಾಯಿಯ ತಲೆದಿಂಬಿನ ಬಳಿಯ ಗೂಡಿನಲ್ಲಿ ಕುಳಿತಿತ್ತು.

ಆ ತಾಯಿ ಈಗ ನಮ್ಮೊಂದಿಗಿಲ್ಲ. ಅವರ ಸಮಾಧಿಯ ಮೇಲೆ ಮಣ್ಣು ಹಾಕಿದ ದಿನ ಆ ಮಗು ಬಿಕ್ಕಿ ಬಿಕ್ಕಿ ಅತ್ತಳು. ಆ ದುಃಖವನ್ನು ಯಾವ ಪ್ರಬೋಧನೆಯೂ ಒರೆಸಲಾರದು. ಆದರೆ ಕೆಲವು ತಿಂಗಳ ನಂತರ ಆಕೆ ನಮಗೆ ಹೇಳಿದ್ದು ಇಷ್ಟು: "ಫಾದರ್, ನಮ್ಮವ್ವ ನನ್ನ ಎತ್ತು ನೋಡಿ, ಇದಕ ಮೂಗುದಾರ ಎಲ್ಲೈತಿ ಅಂತ ಕೇಳಿದ್ಳು." ತಾಯಿಯ ಕಾಯಿಲೆಯ ನೆನಪಿನ ಜೊತೆಗೆ, ತಾಯಿ ತನ್ನ ಎತ್ತನ್ನು ಕೈಯಲ್ಲಿ ಹಿಡಿದು ತಪ್ಪು ಹುಡುಕಿದ ನೆನಪೂ ಆ ಮಗುವಿಗೆ ಉಳಿಯಿತು. ಅದು ಜೋಳದ ಚೀಲದ ಹಿಂದೆಯೇ ಕೊಳೆತುಹೋಗುವುದರಲ್ಲಿತ್ತಲ್ಲವೇ?

ಆದ್ದರಿಂದ ಪ್ರಿಯರೇ, ಇಂದು ಅಭ್ಯಂಗ ಮುಗಿದ ಮೇಲೆ, ಕೊನೆಯ ಆಶೀರ್ವಾದಕ್ಕೆ ಮೊದಲು, ಒಂದು ಚಿಕ್ಕ ಕಾರ್ಯ ಇಟ್ಟುಕೊಂಡಿದ್ದೇವೆ. ಕಾಯಿಲೆಯವರ ಜೊತೆ ಬಂದಿರುವ ಮಕ್ಕಳು ಒಬ್ಬೊಬ್ಬರಾಗಿ ಪೀಠದ ಮುಂದೆ ಬರಲಿ. ಈ ತಿಂಗಳು ತಾವು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಲಿ. ಮಗ್ಗಿ ಕಲಿತದ್ದು, ಸೈಕಲ್ ಕಲಿತದ್ದು, ಕೊಕ್ಕೊದಲ್ಲಿ ಗೆದ್ದದ್ದು, ಅಜ್ಜನಿಗೆ ಗುಳಿಗೆ ಕೊಡುವುದನ್ನು ಮರೆಯದೆ ಇದ್ದದ್ದು, ಏನಾದರೂ ಸರಿ. ಹೇಳಲು ನಾಚಿಕೆಯಾದರೆ ಹಾಸಿಗೆಯಲ್ಲಿರುವವರೇ ಅವರ ಪರವಾಗಿ ಹೇಳಲಿ. ನಾವೆಲ್ಲರೂ ಚಪ್ಪಾಳೆ ತಟ್ಟೋಣ. ದೇವಾಲಯದಲ್ಲಿ ಗದ್ದಲವಾಯಿತೆಂದು ಯಾರೂ ಹುಬ್ಬು ಗಂಟು ಹಾಕಬೇಡಿ. ಮದುವೆಮನೆಗೆ ಬಂದ ಪ್ರಭು ಅದನ್ನು ತಪ್ಪೆನ್ನುವುದಿಲ್ಲ.

ಲೂರ್ದು ಮಾತೆಯೇ, ನಮ್ಮ ಮನೆಗಳಲ್ಲಿ ಮುಗಿದುಹೋಗಿರುವುದನ್ನು ನೀವು ಬಲ್ಲಿರಿ. ನಿಮ್ಮ ಮಗನಿಗೆ ಅದನ್ನು ತಿಳಿಸಿರಿ. ನಮ್ಮ ರೋಗಿಗಳಿಗೆ ಗುಣವನ್ನು ಬೇಡಿಕೊಡಿರಿ. ಗುಣವಾಗದಿದ್ದರೆ ಅದನ್ನು ಹೊರುವ ಶಕ್ತಿಯನ್ನು ಬೇಡಿಕೊಡಿರಿ. ನಮ್ಮ ಮಕ್ಕಳು ಗೆದ್ದು ಬಂದಾಗ ಅದನ್ನು ನೋಡುವ ಕಣ್ಣನ್ನು ನಮಗೆಲ್ಲರಿಗೂ ಬೇಡಿಕೊಡಿರಿ. ಸಂತ ಜೇಲಿ, ಸಂತ ಲೂಯಿ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.

ಎಲ್ಲರಿಗೂ ಲೂರ್ದು ಮಾತೆಯ ಹಬ್ಬದ ಶುಭಾಶಯಗಳು. ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ, ಆಮೆನ್.